ಗುಹೆಯ ನಿವಾಸಿಗಳು: ‘ದಿ ಲಾಂಗ್ ಡಾರ್ಕ್’ ಆಟದ ಒಂದು ಲೋಪ

ವಿಡಿಯೋ ಆಟವನ್ನು ಕಾವ್ಯ ನಾಟಕಗಳಂತೆ ವಿಮರ್ಶೆಗೆ ಒಳಪಡಿಸಬಹುದೇ ಎಂಬ ವಾದಕ್ಕೆ ನಾವು ಇಲ್ಲಿ ಹೋಗುವುದಿಲ್ಲ. ಒಳಪಡಿಸಬಹುದೆಂದು ಇಟ್ಟುಕೊಂಡೇ ಹೊರಡುತ್ತೇವೆ. ಕೆನಡಾದ ಹಿಂಟರ್‌ಲ್ಯಾಂಡ್ ಸಂಸ್ಥೆ 2014ರಲ್ಲಿ ಪ್ರಾಯೋಗಿಕವಾಗಿಯೂ 2017ರಲ್ಲಿ ಪೂರ್ಣರೂಪದಲ್ಲಿಯೂ ಹೊರತಂದ ‘ದಿ ಲಾಂಗ್ ಡಾರ್ಕ್’ ಆಟವನ್ನು ನಮಗೆ ಪರಿಚಯಿಸಿದವರು ನಮ್ಮ ಸಂಶೋಧನ ವಿದ್ಯಾರ್ಥಿಗಳು. ಉತ್ತರ ಕೆನಡಾದ ಹಿಮಾರಣ್ಯದಲ್ಲಿ ಒಂಟಿಯಾಗಿ ಸಿಲುಕಿದ ವ್ಯಕ್ತಿಯೊಬ್ಬ ಚಳಿ, ಹಸಿವು, ನೀರಡಿಕೆ, ಆಯಾಸಗಳ ನಡುವೆ ಎಷ್ಟು ದಿನ ಬದುಕಿಯಾನು ಎಂಬುದೇ ಅದರ ವಸ್ತು. ತಿಂದ ಪ್ರತಿ ತುತ್ತಿಗೂ, ನಡೆದ ಪ್ರತಿ ಗಳಿಗೆಗೂ ಅಲ್ಲಿ ಕ್ಯಾಲೊರಿಯ ಲೆಕ್ಕವುಂಟು. ಅದರ ಮೂಲ ನಿಯಮದಂತೆ ಸತ್ತರೆ ಮೊದಲಿನಿಂದ ತೊಡಗಬೇಕಿತ್ತು.

ಇಷ್ಟು ನಿಷ್ಠುರವಾದ ಈ ಆಟ ಗುಹೆಯ ಬಾಗಿಲಲ್ಲಿ ಮಾತ್ರ ಸಡಿಲಗೊಳ್ಳುತ್ತದೆ. ಕೆಲವೆಡೆ ಕರಡಿಯ ಬಿಲವುಂಟು, ನಿಜ. ಉಳಿದಂತೆ ಗುಹೆಯೆಂದರೆ ಗಾಳಿ ನುಗ್ಗದ, ಬೆಂಕಿ ಹಾಕಿ ಮಲಗಬಹುದಾದ, ಅದೃಷ್ಟವಿದ್ದರೆ ಕಲ್ಲಿದ್ದಲೂ ಸಿಗುವ ಒಂದು ಛತ್ರ. ಅನಂತರದ ವಿಸ್ತರಣೆಯಲ್ಲಿ ಗಣಿಯೊಳಗೆ ವಿಷಾನಿಲವನ್ನು ತಂದಿದ್ದಾರೆ. ಅದು ಕೈಗಾರಿಕೆ ಬಿಟ್ಟುಹೋದ ವಿಷವೇ ಹೊರತು ಗುಹೆಯ ಸ್ವಂತ ಗುಣವಲ್ಲ.

ಹಾಗಾದರೆ ಗುಹೆಗೆ ಪ್ರಾಣಿಗಳನ್ನೂ ಅಪಾಯಗಳನ್ನೂ ಸೇರಿಸಬೇಕೆ? ಸೇರಿಸಬೇಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಸೇರಿಸುವ ರೀತಿ ಯಾವುದು ಎಂಬಲ್ಲಿ ನಮಗೆ ತಕರಾರಿದೆ. 2018ರಲ್ಲಿ ಪೂರ್ಣಗೊಂಡ ‘ದಿ ಫಾರೆಸ್ಟ್’ ಎಂಬ ಆಟ ತನ್ನ ಗುಹೆಗಳ ತುಂಬ ನರಭಕ್ಷಕರನ್ನೂ ವಿಕೃತ ಜೀವಿಗಳನ್ನೂ ಇರಿಸಿತು. ಅಲ್ಲಿ ಹೆದರಿಕೆಗೆ ಕೊರತೆಯಿಲ್ಲ. ಆದರೆ ಅದೇ ಜೀವಿಗಳನ್ನು ಒಂದು ಪಾಳುಬಿದ್ದ ಆಸ್ಪತ್ರೆಯಲ್ಲಿ ಇಟ್ಟಿದ್ದರೂ ಹೆದರಿಕೆ ಅಷ್ಟೇ ಇರುತ್ತಿತ್ತು; ಗುಹೆಯಿಂದ ಹುಟ್ಟಿದ ಭಯ ಅದಲ್ಲ. ನಿಜವಾದ ಗುಹೆ ಮೈಮೇಲೆ ಬೀಳುವುದಿಲ್ಲ, ಸಾವಕಾಶವಾಗಿ ಕೊಲ್ಲುತ್ತದೆ. ಅದರ ಒಳಭಾಗದ ಉಷ್ಣತೆ ಆ ಪ್ರದೇಶದ ವಾರ್ಷಿಕ ಸರಾಸರಿಯ ಆಸುಪಾಸಿನಲ್ಲಿ ನಿಂತಿರುತ್ತದೆ. ಆದ್ದರಿಂದ ಉತ್ತರದ ಗುಹೆ ಹಿಮಗಾಳಿಯನ್ನು ತಡೆದೀತು, ಒದ್ದೆ ಬಟ್ಟೆಯವನನ್ನು ಬೆಚ್ಚಗಿಡಲಾರದು. ಬೆಂಕಿಯ ಹೊಗೆ ಹೋಗಲು ದಾರಿ ಕಾಣದೆ ಅಲ್ಲೇ ನಿಲ್ಲುತ್ತದೆ. ಕಾದ ಬಂಡೆ ಸೀಳಿ ಮೇಲಿಂದ ಉದುರಬಹುದು. ಇಷ್ಟಕ್ಕೂ ಈ ಆಟದಲ್ಲಿ ಬೇಕಾದ ಲೆಕ್ಕಾಚಾರವೆಲ್ಲ ಮೊದಲೇ ಸಿದ್ಧವಿದೆ.

ನಮಗೆ ಹೆಚ್ಚು ಮುಖ್ಯವೆನಿಸುವುದು ಪ್ರಾಣಿಯ ವಿಚಾರ. ಕೆನಡಾದ ಗುಹೆಗಳಲ್ಲಿ ಚಳಿಗಾಲ ಕಳೆಯುವ ಪುಟ್ಟ ಕಂದು ಬಾವಲಿಯ ತೂಕ ಸುಮಾರು ಹತ್ತು ಗ್ರಾಮಿಗಿಂತ ಕಡಿಮೆ. ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬೊಂದೇ ಅದರ ಬುತ್ತಿ. ತಿಂಗಳುಗಟ್ಟಲೆ ಮೈಯನ್ನು ಬಂಡೆಯಷ್ಟೇ ತಣ್ಣಗಾಗಿಸಿಕೊಂಡು ತೂಗಾಡುತ್ತದೆ. ಒಮ್ಮೆ ಎಚ್ಚರಗೊಂಡರೆ ಮೈ ಕಾಯಿಸಿಕೊಳ್ಳುವುದಕ್ಕೇ ಆ ಕೊಬ್ಬಿನಲ್ಲಿ ದೊಡ್ಡ ಪಾಲು ವ್ಯಯವಾಗುತ್ತದೆ. ಪಂಜು ಹಿಡಿದು ಒಳಬಂದ ಮನುಷ್ಯ ಅದಕ್ಕೆ ಏನೂ ಮಾಡಬೇಕಿಲ್ಲ, ಬಂದರೆ ಸಾಕು. ವಸಂತಕ್ಕೆ ಮೊದಲೇ ಬುತ್ತಿ ಮುಗಿದರೆ ಹೊರಗೆ ತಿನ್ನಲು ಒಂದು ಹುಳುವೂ ಇರುವುದಿಲ್ಲ.

ಇದು ಈ ಆಟದ ನಾಯಕನ ಸ್ಥಿತಿಯೇ ಅಲ್ಲವೆ? ಎರಡೂ ಜೀವಿಗಳು ಒಂದೇ ಗುಹೆಯಲ್ಲಿ ಒಂದೇ ಗಣಿತವನ್ನು ಮಾಡುತ್ತಿವೆ. ಆಟ ಒಬ್ಬನ ಲೆಕ್ಕವನ್ನು ಮಾತ್ರ ತೋರಿಸುತ್ತದೆ. ಮನುಷ್ಯ ಎದ್ದು ಹೋದ ಮೇಲೆ ಛಾವಣಿಯಿಂದ ಏನು ಕೆಳಗೆ ಬಿತ್ತು ಎಂಬುದು ಅದರ ಕಣ್ಣಿಗೆ ಬಿದ್ದಿಲ್ಲ. 2006ರ ಚಳಿಗಾಲದಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೊದಲು ಕಂಡ ಬಿಳಿಮೂಗಿನ ರೋಗ 2010ರಲ್ಲಿ ಕೆನಡಾ ಮುಟ್ಟಿತು. ಆ ಶಿಲೀಂಧ್ರ ಕೊಲ್ಲುವುದು ಈ ಬಗೆಯಲ್ಲೇ: ನಿದ್ದೆಯನ್ನು ಮತ್ತೆ ಮತ್ತೆ ಕೆಡಿಸುತ್ತದೆ. ಮುಖ್ಯವಾಗಿ ಬಾವಲಿಯಿಂದ ಬಾವಲಿಗೆ ಹರಡುವ ಅದು ಮನುಷ್ಯರ ಪಾದರಕ್ಷೆ, ಬಟ್ಟೆಗಳ ಮೂಲಕವೂ ಗುಹೆಯಿಂದ ಗುಹೆಗೆ ಸಾಗಬಲ್ಲದು. ಸತ್ತ ಬಾವಲಿಗಳ ಸಂಖ್ಯೆ ದಶಲಕ್ಷಗಳಲ್ಲಿದೆ. 2014ರಲ್ಲಿ ಕೆನಡಾ ಮೂರು ಬಾವಲಿ ಪ್ರಭೇದಗಳನ್ನು ಅಳಿವಿನಂಚಿನವೆಂದು ಘೋಷಿಸಿತು. ಆಟವೂ ಅದೇ ವರ್ಷ ಜನರ ಕೈಸೇರಿತೆಂಬುದು ಕಾಕತಾಳೀಯವಿರಬಹುದು. ಅದರ ಗುಹೆಗಳು ಖಾಲಿಯಿರುವುದು ಮಾತ್ರ ನಮಗೆ ಚುಚ್ಚುತ್ತದೆ.

ಇಲ್ಲಿ ನಮ್ಮನ್ನೂ ಬಿಟ್ಟುಕೊಳ್ಳುವಂತಿಲ್ಲ. ಅಲ್ಲಮನ ‘ಗುಹೇಶ್ವರ’ ಅಂಕಿತವನ್ನು ಮೂರು ದಶಕ ಪಾಠ ಹೇಳಿದ ನಮಗೆ ಗುಹೆಯೆಂದರೆ ಅಂತರಂಗ, ಬಯಲು, ಮೌನ ಇತ್ಯಾದಿಗಳೇ ಹೊಳೆಯುತ್ತಿದ್ದವು. ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿ ಎಲೆಮೂಗಿನ ಬಾವಲಿಯೊಂದು ಅಳಿಯುವ ಸ್ಥಿತಿಯಲ್ಲಿದೆಯೆಂದು ತಿಳಿದದ್ದು ತೀರ ಇತ್ತೀಚೆಗೆ.

ಆಟಗಾರನಿಗೆ ಉಪಯೋಗವಿಲ್ಲದ ಪ್ರಾಣಿಯನ್ನು ಯಾರು ಸೃಷ್ಟಿಸಿಯಾರು ಎಂದು ವಿದ್ಯಾರ್ಥಿಯೊಬ್ಬರು ಕೇಳಿದರು. ‘ಮೈನ್‌ಕ್ರಾಫ್ಟ್’ 2012ರಲ್ಲಿಯೇ ಸೃಷ್ಟಿಸಿದೆ: ಅಲ್ಲಿಯ ಬಾವಲಿಯನ್ನು ಕೊಂದರೆ ಮಾಂಸವಿಲ್ಲ, ತೊಗಲಿಲ್ಲ, ಅಂಕವೂ ಇಲ್ಲ. ಅದು ಸುಮ್ಮನೆ ಇರುತ್ತದೆ. ‘ದಿ ಲಾಂಗ್ ಡಾರ್ಕ್’ ಇದಕ್ಕಿಂತ ಒಂದು ಹೆಜ್ಜೆ ಮುಂದಿಡಬಲ್ಲ ಆಟ. ಹೊರಗೆ ಹಿಮಗಾಳಿ ಬೀಸುತ್ತಿದೆ, ಕೈಯಲ್ಲಿ ಕೊನೆಯ ಬೆಂಕಿಕಡ್ಡಿಯಿದೆ, ತಲೆಯ ಮೇಲೆ ನೂರಾರು ಬಾವಲಿಗಳು ಮಲಗಿವೆ. ಕಡ್ಡಿ ಗೀರುವುದೋ, ಬಾಗಿಲ ಬಳಿಯ ಚಳಿಯಲ್ಲೇ ರಾತ್ರಿ ಕಳೆಯುವುದೋ? ಗೀರಿದವನನ್ನು ಆಟ ದಂಡಿಸಬೇಕಿಲ್ಲ. ಮಾರ್ಚಿಯಲ್ಲಿ ಅವನು ಅದೇ ಗುಹೆಗೆ ಮರಳಿದಾಗ ನೆಲದ ಮೇಲೆ ಬಿದ್ದಿರುವುದನ್ನು ತೋರಿಸಿದರೆ ಸಾಕು.