ಹಿಡಿಗೆ ಹೊಳಪು ಕೊಡುವವರು
ಭಾತಂಬ್ರಾದಿಂದ ಭಾಲ್ಕಿ ದಾಟಿ ಬೀದರ್‌ಗೆ ಬಂದರೆ ಚೌಬಾರಾ ಗೋಪುರದ ಆಸುಪಾಸಿನ ಗಲ್ಲಿಗಳಲ್ಲಿ ಲೋಹಕ್ಕೆ ಬೆಳ್ಳಿ ಕೂರಿಸುವ ಬಿದರಿ ಕೆಲಸದ ಅಂಗಡಿಗಳು ಸಿಗುತ್ತವೆ. ಹೂದಾನಿ, ಡಬ್ಬಿಗಳನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಇಷ್ಟವಾಗುವುದು ಕೈಯಲ್ಲಿ ಹಿಡಿಯುವ ವಸ್ತುಗಳು. ಹಿಂದೆ ಕತ್ತಿಯ ಹಿಡಿಗೂ ಈ ಕುಸುರಿ ಇತ್ತು. ಹಿಡಿ ಎಂದಮೇಲೆ ಅಂಗೈಯೇ ಪರೀಕ್ಷಕ. ಬೆಳ್ಳಿ ಎಲ್ಲಿ ಮುಗಿದು ಲೋಹ ಎಲ್ಲಿ ಶುರುವಾಯಿತೆಂದು ಬೆರಳಿಗೆ ತಿಳಿದರೆ ಉಜ್ಜಿದ್ದು ಸಾಲದು.

ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ನಯ ಮಾಡಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಚಿತ್ತಾರದ ಗೆರೆ ಕಾಣಬೇಕಲ್ಲ! ಉಳಿಯಿಂದ ಕೊರೆದ ಗೆರೆಗೆ ಬೆಳ್ಳಿ ತಂತಿ ಬಡಿದು ಕೂರಿಸಿ ಮತ್ತೆ ಉಜ್ಜಿದಾಗ ವಿಚಿತ್ರ ನಡೆಯುತ್ತದೆ: ಸತುವೂ ಬೆಳ್ಳಿಯೂ ಒಂದೇ ಬಿಳಿ. ಇಡೀ ದುಡಿಮೆ ಅಳಿಸಿಹೋದಂತೆ!

ಆಗ ಬರುತ್ತದೆ ಬೀದರ್ ಕೋಟೆಯ ಹಳೆಯ ಮಣ್ಣು. ನವಸಾಗರದೊಂದಿಗೆ ನೀರಲ್ಲಿ ಕಲಸಿ, ಬೆಚ್ಚಗಾದ ವಸ್ತುವಿಗೆ ತಿಕ್ಕಿದರೆ ಮೈಯೆಲ್ಲ ಕಡುಗಪ್ಪು, ಬೆಳ್ಳಿ ಮಾತ್ರ ಹಾಗೇ. ಈ ಕಪ್ಪಿಗೆ ಆ ಚಿಟಿಕೆ ತಾಮ್ರವೂ ಬೇಕು. ಮಣ್ಣಿನ ಗುಣ ತಿಳಿಯಲು ನಾಲಿಗೆಗಿಟ್ಟು ನೋಡುವ ಕುಶಲಕರ್ಮಿಗಳಿದ್ದಾರೆ. ಕೊನೆಗೆ ತೊಳೆದು, ಎಣ್ಣೆ ಸವರಿದಾಗ ಕಪ್ಪು ಇನ್ನಷ್ಟು ಆಳವಾಗುತ್ತದೆ.

2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 2023ರಲ್ಲಿ ಬಿದರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ. ಮನ್ನಣೆ ಏನೇ ಇರಲಿ, ಬಿದರಿ ಕೊಳ್ಳುವಾಗ ಮೊದಲು ಕಣ್ಣು ಮುಚ್ಚಿ ಬೆರಳಾಡಿಸಿ, ಬೆಲೆ ಆಮೇಲೆ ಕೇಳಿ.