ಹಿಟ್ಟಿನ ಕೋಳಿಯೂ ನಮ್ಮ ರಂಗಸ್ಥಳವೂ

ಕಾಫಿ ಕೊಯ್ಲು ಮುಗಿದು, ತೋಟಗಳು ಹೂಮಳೆಗಾಗಿ ಕಾದು ನಿಂತಿರುವ ಫಾಲ್ಗುಣ–ಚೈತ್ರಗಳ ಅವಧಿಯೇ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಹವ್ಯಾಸಿ ಮಂಡಲಿಗಳಿಗೆ ಒದಗುವ ಬಿಡುವು. ಅದಕ್ಕೆ ಮೊದಲು ಅರೇಬಿಕಾ, ರೋಬಸ್ಟಾಗಳ ಕೊಯ್ಲಿನಲ್ಲಿ ಯಾರಿಗೂ ಉಸಿರಾಡಲು ಪುರಸೊತ್ತಿಲ್ಲ. ಜೂನ್ ಬಂದರೆ ಕಳಸದ ಮಳೆ ಯಾರನ್ನೂ ಮನೆಯಿಂದ ಹೊರಡಗೊಡದು. ಮಹಾವೀರ ಜಯಂತಿಯೂ ಈ ನಡುವೆಯೇ ಬರುವುದರಿಂದ ಬಸದಿಯ ಆವರಣದಲ್ಲಿ ಎರಡು ಮೂರು ನಾಟಕಗಳನ್ನು ಆಡಿಸುವುದು ಸಾಧ್ಯ. ಅವಕಾಶ ಇಷ್ಟು ಕಿರಿದಾಗಿರುವಾಗ ಯಾವ ನಾಟಕ ಎಂಬ ಪ್ರಶ್ನೆಯನ್ನು ಆಡಳಿತ ಮಂಡಳಿಯ ಸಭೆಯ ಕೊನೆಯ ಐದು ನಿಮಿಷಗಳಿಗೆ ಬಿಡುವುದು ಉಚಿತವಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಆಯ್ಕೆಯಾಗುವ ವಸ್ತುಗಳು ಎರಡು. ಒಂದು ಭರತ–ಬಾಹುಬಲಿಯರ ಪ್ರಸಂಗ. ಕಾರ್ಕಳದಲ್ಲಿ 1432ರಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ಭೈರವರಸರ ಆಳ್ವಿಕೆಗೆ ಕಳಸವೂ ಒಳಪಟ್ಟಿದ್ದುದರಿಂದ ಈ ಕಥೆಯ ಮೇಲೆ ನಮ್ಮವರಿಗೆ ಇರುವ ಮಮತೆ ಸಹಜವೇ. ಆದರೆ ರಂಗದ ಮೇಲೆ ಏನಾಗುತ್ತದೆ? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಮುಕ್ಕಾಲು ಗಂಟೆ ನಡೆಯುತ್ತವೆ. ಗೆದ್ದವನಿಗೆ ಗೆಲುವೇ ಹೇಸಿಗೆಯೆನಿಸುವ ಗಳಿಗೆ ಎರಡು ನಿಮಿಷದಲ್ಲಿ ಮುಗಿದು ಪರದೆ ಬೀಳುತ್ತದೆ. ಪಂಪನು 941ರ ಆದಿಪುರಾಣದಲ್ಲಿ ಯಾವುದಕ್ಕಾಗಿ ಆ ಯುದ್ಧಗಳನ್ನು ವರ್ಣಿಸಿದನೋ ಅದೇ ಕೈಬಿಟ್ಟುಹೋಗುತ್ತದೆ. ಕಿರೀಟಗಳ ಬಾಡಿಗೆಗೆ ತಕ್ಕ ಪ್ರದರ್ಶನ ಬೇಕಲ್ಲವೇ!

ಎರಡನೆಯದು ಸಳನ ಕಥೆ. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹಿಂದಿನ ಸೊಸೆವೂರು ಎಂಬ ಅಭಿಮಾನದಿಂದ, ವಾಸಂತಿಕಾ ದೇವಿಯ ಗುಡಿಯ ಮುಂದೆ ಸುದತ್ತ ಮುನಿಗಳು ‘ಹೊಯ್ ಸಳ’ ಎನ್ನುವ ದೃಶ್ಯವನ್ನು ಮಕ್ಕಳಿಂದ ಆಡಿಸುತ್ತೇವೆ. ಐತಿಹ್ಯವನ್ನು ಐತಿಹ್ಯವಾಗಿ ಗೌರವಿಸೋಣ. ಆದರೆ ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯಿಂದಲೂ ಹಿಂಸೆಯನ್ನು ತೊರೆದ ಮಹಾವ್ರತಿಯ ಬಾಯಲ್ಲಿ ಹೊಡೆಯೆಂಬ ಆಜ್ಞೆಯನ್ನಿಟ್ಟು, ಅದನ್ನು ಚೆಂಡೆಯ ಪೆಟ್ಟಿನೊಡನೆ ದಾಟಿಸಿಬಿಡುವುದು ಜೈನ ವೇದಿಕೆಗೆ ಒಪ್ಪುವುದೇ? ಗೃಹಸ್ಥನಿಗೆ ವಿರೋಧೀ ಹಿಂಸೆ ಅನಿವಾರ್ಯವಾಗಬಹುದು. ಮುನಿಗೆ ಆ ರಿಯಾಯಿತಿ ಇಲ್ಲ. ಈ ಇಕ್ಕಟ್ಟನ್ನೇ ವಸ್ತುವಾಗಿಸಿ ಯಾರಾದರೂ ನಾಟಕ ಬರೆದರೆ ಅದು ಆಡತಕ್ಕ ನಾಟಕವಾದೀತು.

ಇವೆರಡರ ಬದಲಿಗೆ ನಾನು ಸೂಚಿಸುವುದು ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980). ಇಂತಹ ಒಂದು ಸಭೆಯಲ್ಲಿ ಈ ಹೆಸರನ್ನು ಎತ್ತಿದಾಗ ಹಿರಿಯರೊಬ್ಬರು, ರಾಣಿಯೊಬ್ಬಳು ಮಾವುತನ ಬಳಿಗೆ ಹೋಗುವ ಕಥೆ ಬಸದಿಯ ಮುಂದೆ ಬೇಡವೆಂದರು. ಅವರ ಸಂಕೋಚವನ್ನು ನಾನು ಹಗುರವಾಗಿ ಕಾಣಲಾರೆ. ಮನೆಮಂದಿಯೊಡನೆ ಕುಳಿತು ನೋಡಬೇಕಾದವರ ಮಾತು ಅದು. ಆದರೆ ಆ ಕಥೆಯನ್ನು ಕನ್ನಡದಲ್ಲಿ ಪ್ರಸಿದ್ಧಗೊಳಿಸಿದವನು ಜೈನ ಕವಿ ಜನ್ನ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಆತ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಮುಗಿಸಿದ. ಅಮೃತಮತಿಯ ಮೋಹವನ್ನು ಅವನು ಮರೆಮಾಚಲಿಲ್ಲ. ನಮ್ಮ ಪೂರ್ವಿಕರು ಆ ಕಾವ್ಯವನ್ನು ಧರ್ಮಗ್ರಂಥದಂತೆಯೇ ಓದಿಸಿ ಕೇಳಿದರು.

ಕಥೆಯ ಕೇಂದ್ರ ಹಾದರವಲ್ಲ, ಹಿಟ್ಟಿನ ಕೋಳಿ. ಪತ್ನಿಯ ನಡತೆಯನ್ನು ಕಂಡ ಯಶೋಧರ ಅದನ್ನು ತಾಯಿಗೆ ಹೇಳಲಾರದೆ ದುಃಸ್ವಪ್ನವೆಂದು ಮರೆಮಾಡುತ್ತಾನೆ. ತಾಯಿ ಶಾಂತಿಗೆ ಪ್ರಾಣಿಬಲಿ ಬೇಕೆನ್ನುತ್ತಾಳೆ. ಮಗ ಒಪ್ಪುವುದಿಲ್ಲ, ಕೊನೆಗೆ ಇಬ್ಬರ ಮನಸ್ಸೂ ನೋಯದಂತೆ ಹಿಟ್ಟಿನ ಕೋಳಿಯೊಂದು ಸಿದ್ಧವಾಗುತ್ತದೆ. ಕತ್ತಿ ಬಿದ್ದೊಡನೆ ಅದು ಕೂಗುತ್ತದೆ. ಜೀವವಿಲ್ಲದ್ದನ್ನು ಕೊಂದರೂ ಕೊಲ್ಲುವ ಸಂಕಲ್ಪವಿತ್ತು. ದ್ರವ್ಯಹಿಂಸೆ ನಡೆಯದಿದ್ದರೂ ಭಾವಹಿಂಸೆ ನಡೆದುಹೋಯಿತು. ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ.

ಇದನ್ನು ನಮ್ಮ ಸೀಮೆಯಲ್ಲೇ ಆಡಬೇಕೆನ್ನುವುದಕ್ಕೆ ಕಾರಣ ದೂರ ಹುಡುಕಬೇಕಾಗಿಲ್ಲ. ಎಷ್ಟು ಮಂದಿ ಶ್ರಾವಕರ ತೋಟಗಳ ಅಂಚಿನಲ್ಲಿ ಚೌಡಿಯ ಕಲ್ಲೋ ಭೂತದ ಕಟ್ಟೆಯೋ ಇಲ್ಲ? ವರ್ಷಕ್ಕೊಮ್ಮೆ ಅಲ್ಲಿ ಹುಂಜ ಬೀಳುತ್ತದೆ. ನಾವು ಅತ್ತ ಹೋಗುವುದಿಲ್ಲ, ಕತ್ತಿ ಮುಟ್ಟುವುದಿಲ್ಲ, ಪ್ರಸಾದ ತಿನ್ನುವುದಿಲ್ಲ. ‘ಆಳುಗಳ ಸಮಾಧಾನಕ್ಕೆ’ ಎಂದು ಮೇಸ್ತ್ರಿಯ ಕೈಯಲ್ಲಿ ಹಣವಿಡುತ್ತೇವೆ. ಕೃತದಿಂದ ಪಾರಾದೆವೆಂದು ನೆಮ್ಮದಿ. ಕಾರಿತ, ಅನುಮತಗಳ ಲೆಕ್ಕ ಯಾರ ಖಾತೆಗೆ? ಇನ್ನು ಆಯುಧಪೂಜೆಯ ದಿನ ಜೀಪಿನ ಮುಂದೆ ಕುಂಕುಮ ಸುರಿದು ಒಡೆಯುವ ಬೂದುಗುಂಬಳ! ಆ ಕೆಂಪು ಯಾವುದರ ನೆನಪು ಎಂದು ಮಗುವೊಂದು ಕೇಳಿದರೆ ಉತ್ತರಿಸುವುದು ಕಷ್ಟ.

ಇಲ್ಲೊಂದು ಎಚ್ಚರಿಕೆ ಅಗತ್ಯ. ನಾಟಕ ನೋಡಲು ಸಾಲುಮನೆಗಳಿಂದಲೂ ಜನ ಬರುತ್ತಾರೆ. ಕೋಳಿ ಕೊಡುವುದು ಅವರ ನಂಬಿಕೆ. ಪ್ರದರ್ಶನವು ಅವರನ್ನು ಅಣಕಿಸುವಂತಾದರೆ ಆಡದಿರುವುದೇ ಲೇಸು. ರಾಜಮಾತೆಯ ಪಾತ್ರವನ್ನು ಹಾಸ್ಯದ ಮುದುಕಿಯನ್ನಾಗಿಸುವ ನಿರ್ದೇಶಕ ನಮಗೆ ಬೇಡ. ಬಲಿಯನ್ನು ನಂಬಿ ಕೊಡುವವಳಿಗಿಂತ, ನಂಬದೆಯೂ ಬದಲಿ ಹುಡುಕಿ ನುಣುಚಿಕೊಳ್ಳುವವನ ಕಡೆಗೇ ಈ ಕಥೆಯ ಮೊನೆ ತಿರುಗಿದೆ. ಅಂದರೆ ಮುಂದಿನ ಸಾಲಿನ ಕುರ್ಚಿಗಳ ಕಡೆಗೆ.

ಕಾರ್ನಾಡರ ಕೃತಿಯಲ್ಲಿ ನನಗೆ ಕೊರತೆ ಕಾಣುವುದಿಲ್ಲವೆಂದಲ್ಲ. ಜನ್ನನಲ್ಲಿ ಹಿಂಸೆಯ ಫಲವನ್ನು ಭವಾವಳಿ ತೋರಿಸುತ್ತದೆ. ಕೊನೆಗೆ ಅಭಯರುಚಿ, ಅಭಯಮತಿ ಎಂಬ ಎಳೆಯರು ಬಲಿಪೀಠದ ಮುಂದೆ ನಿಂತು ಮಾರಿದತ್ತನಿಗೆ ತಮ್ಮ ಕಥೆ ಹೇಳಿ ಅವನ ಮನಸ್ಸನ್ನು ತಿರುಗಿಸುತ್ತಾರೆ. ನಾಟಕವಾದರೋ ರಾಜ, ರಾಣಿ, ತಾಯಿ, ಮಾವುತ ಎಂಬ ನಾಲ್ವರ ನಡುವೆಯೇ ಬಿಗಿಯಾಗಿ ನಿಲ್ಲುತ್ತದೆ. ಕರ್ಮದ ದೀರ್ಘ ಹಾದಿ ಅಲ್ಲಿ ದಾಂಪತ್ಯದ ಕಲಹವಾಗಿ ಕುಗ್ಗುತ್ತದೆ ಎನ್ನಬಹುದು. ಆದರೆ ನಾಲ್ಕೇ ಪಾತ್ರಗಳೆಂಬುದು ಸಣ್ಣ ಮಂಡಲಿಗೆ ವರವೂ ಹೌದು. ಕೊರತೆಯನ್ನು ತುಂಬಲು ದಾರಿಯಿದೆ: ನಾಟಕಕ್ಕೆ ಹಿಂದಿನ ದಿನ ಜನ್ನನ ಕಾವ್ಯದ ಕೊನೆಯ ಭಾಗವನ್ನು ವಾಚನ–ವ್ಯಾಖ್ಯಾನ ಮಾಡಿಸುವುದು.

ಎರಡನೆಯ ನಾಟಕವಾಗಿ ಬಿ.ಎಂ.ಶ್ರೀಯವರ ‘ಗದಾಯುದ್ಧ ನಾಟಕಂ’ (1926) ಇರಲಿ. ರನ್ನನ ಮಾತುಗಳನ್ನೇ ಆಯ್ದು ಕಟ್ಟಿದ ಇದರಲ್ಲಿ ಸೋಲುವವನ ಅಳಲಿಗೂ ಗೌರವವಿದೆ. ಹಳಗನ್ನಡವನ್ನು ಬಾಯಿಪಾಠ ಮಾಡಲು ನಮ್ಮ ಯುವಕರಿಗೆ ಮೂರು ತಿಂಗಳು ಬೇಕು; ಆಯ್ಕೆ ದೀಪಾವಳಿಯೊಳಗೆ ಮುಗಿಯಬೇಕು. ಮೂರನೆಯ ದಿನಕ್ಕೆ ಹೆಗ್ಗೋಡಿನ ನೀನಾಸಂ ತಿರುಗಾಟವನ್ನೋ ಸಾಣೇಹಳ್ಳಿಯ ಶಿವಸಂಚಾರವನ್ನೋ ಕರೆಸಬಹುದು. ಮಠವೊಂದು ತನ್ನ ಮತದ ಹೊಗಳಿಕೆಗಷ್ಟೇ ಸೀಮಿತವಾಗದೆ ರಂಗಭೂಮಿಯನ್ನು ನಡೆಸಬಹುದೆಂಬುದನ್ನು ಸಾಣೇಹಳ್ಳಿಯಿಂದ ಕಲಿಯುವುದಿದೆ.

ಉಳಿದದ್ದು ಹೊತ್ತಿನ ವಿಚಾರ. ರಾತ್ರಿಯ ಪ್ರದರ್ಶನವಾದರೆ ಅನಸ್ತಮಿತ ವ್ರತದವರಿಗೆ ಊಟದ ತೊಂದರೆ. ಹೂಮಳೆ ಬಿದ್ದ ಮರುಸಂಜೆಯಂತೂ ದೀಪಕ್ಕೆ ಮುತ್ತುವ ಹುಳುಗಳು ಸಾವಿರಗಟ್ಟಲೆ. ಅಹಿಂಸೆಯ ನಾಟಕವನ್ನು ಅವುಗಳ ರಾಶಿಯ ನಡುವೆ ಆಡುವುದಾದರೂ ಹೇಗೆ? ಮಧ್ಯಾಹ್ನ ಎರಡೂವರೆಗೆ ಆರಂಭಿಸಿ ಐದರೊಳಗೆ ಮುಗಿಸಿದರೆ ಹಗಲ ಬೆಳಕೇ ಸಾಕು, ಎಲ್ಲರೂ ಉಂಡು ಮನೆಗೆ ತೆರಳಲೂ ಸಮಯವಿರುತ್ತದೆ. ವೇದಿಕೆಗೆ ಪಶ್ಚಿಮದ ಬಿಸಿಲು ನೇರವಾಗಿ ಬೀಳದಂತೆ ಚಪ್ಪರದ ದಿಕ್ಕನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು.