ಬದಿಗೆ ಸರಿದ ಪದ, ಉಳಿದುಕೊಂಡ ನುಡಿ

ರಾಕ್ ಸಂಗೀತದ ವಿಮರ್ಶೆಯಲ್ಲಿ ಆಲ್ಬಮ್ಮಿನಿಂದ ಹೊರಗುಳಿದ ಹಾಡುಗಳಿಗೆ ವಿಶೇಷ ಮಾನ್ಯತೆಯಿದೆ. ಬಾಬ್ ಡಿಲನ್ 1983ರ ‘ಇನ್ಫಿಡೆಲ್ಸ್’ಗಾಗಿ ಹಾಡಿ ಕೈಬಿಟ್ಟ ‘ಬ್ಲೈಂಡ್ ವಿಲ್ಲಿ ಮೆಕ್‌ಟೆಲ್’ 1991ರಲ್ಲಿ ಅಧಿಕೃತವಾಗಿ ಹೊರಬಂದು, ಆತನ ಶ್ರೇಷ್ಠ ರಚನೆಗಳ ಸಾಲಿಗೆ ಸೇರಿತು. ಕಲಾವಿದನ ಆಯ್ಕೆಯೇ ಕೊನೆಯ ಮಾತಲ್ಲ ಎಂಬುದಕ್ಕೆ ಇದು ನಿದರ್ಶನ.

ತತ್ತ್ವಪದ ಪರಂಪರೆಗೆ ಈ ಅರಿವು ಹೊಸದಲ್ಲ. ಶಿಶುನಾಳ ಶರೀಫರ (1819–1889) ಪದಗಳಿಗೆ ಅಂತಿಮ ರೂಪವೆಂಬುದಿಲ್ಲ. ಭಜನಾ ಮೇಳದ ಪ್ರತಿ ರಾತ್ರಿಯೂ ಒಂದು ಪಾಠಾಂತರವೇ. ರಘು ದೀಕ್ಷಿತರ 2008ರ ಚೊಚ್ಚಲ ಆಲ್ಬಮ್ಮನ್ನು ಈ ಹಿನ್ನೆಲೆಯಲ್ಲಿ ಕೇಳಬೇಕು. ಹಿಂದಿ, ಇಂಗ್ಲಿಷ್, ಕನ್ನಡಗಳು ಕೂಡಿದ ಆ ಸಂಕಲನದಲ್ಲಿ ‘ಮೈಸೂರ್ ಸೇ ಆಯಿ’ ಮನೆಮಾತಾಯಿತು. ಶರೀಫರ ಸೋರುವ ಮಾಳಿಗೆಯ ಪದ ಬದಿಗೆ ಸರಿಯಿತು. ಸಿ. ಅಶ್ವತ್ಥರ ಕಂಠದಲ್ಲಿ ನಾಡಿಗೆಲ್ಲ ಪರಿಚಿತವಾದ ಪದಕ್ಕೆ ಇನ್ನೊಂದು ಧ್ವನಿ ಬೇಕಿತ್ತೆ ಎಂಬ ಪ್ರಶ್ನೆ ಸಹಜ.

ಉತ್ತರದ ಒಂದಂಶ ಹಾಡಿನ ಹೆಸರಿನಲ್ಲೇ ಇದೆ. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಗಾಯಕನ ಆಲ್ಬಮ್ಮಿನಲ್ಲಿ ಅದು ‘ಮನಿ’, ‘ಮಾಳಿಗಿ’ ಎಂಬ ಬಡಗಣ ರೂಪಗಳನ್ನೇ ಹೊತ್ತಿದೆ. ಜತ್ತ ತಾಲ್ಲೂಕಿನ ಸೋನ್ಯಾಳದಂಥ ಊರಿಗೆ ಇದು ಸಣ್ಣ ಸಂಗತಿಯಲ್ಲ. ಅಲ್ಲಿಯ ಆಡುನುಡಿ ‘ಮನಿ’. ಕನ್ನಡದ ಪಠ್ಯಪುಸ್ತಕ ‘ಮನೆ’ ಎನ್ನುತ್ತದೆ. ಕಚೇರಿಯ ಮರಾಠಿ ‘ಘರ’ ಎನ್ನುತ್ತದೆ. ಎರಡು ಶಿಷ್ಟ ಭಾಷೆಗಳ ಆಯ್ಕೆಯಿಂದಲೂ ಹೊರಗುಳಿದ ನುಡಿಗೆ ಗಿಟಾರಿನ ಜೊತೆ ಸ್ಥಾನ ಸಿಕ್ಕಿದೆ.

ರೂಪಕವೂ ಅಲ್ಲಿಯ ಕೇಳುಗನಿಗೆ ಬೇರೆಯಾಗಿಯೇ ತೆರೆಯುತ್ತದೆ. ಬರದ ಸೀಮೆಯಲ್ಲಿ ಮಳೆಯೆಂದರೆ ಭಾಗ್ಯ. ಆದರೆ ಒಣ ದಿನಗಳಲ್ಲೇ ಮಾಳಿಗೆಗೆ ಮಣ್ಣು ಹಾಕುವ ಎಚ್ಚರ ತಪ್ಪಿದರೆ ಆ ಭಾಗ್ಯವೇ ಮನೆಯೊಳಗೆ ಸೋರುತ್ತದೆ. ಶರೀಫರು ಹೇಳುವ ಅಜ್ಞಾನ ಅಂಥ ಮೈಮರೆವು. ನಗರದ ಕೇಳುಗನಿಗೆ ಅದು ವೇದಾಂತ, ಮಣ್ಣಿನ ಮಾಳಿಗೆಯ ಕೆಳಗೆ ಬದುಕಿದವನಿಗೆ ಅನುಭವ.

ಈ ಮುದ್ರಿಕೆಗೆ ಮಿತಿಯೂ ಇದೆ. ಮುಮ್ಮೇಳ ಎತ್ತಿದ ನುಡಿಯನ್ನು ಹಿಮ್ಮೇಳ ತಿರುಗಿಸಿ ಹಾಡುವಾಗ, ನಡುವೆ ಹಿರಿಯರೊಬ್ಬರು ಅರ್ಥ ಬಿಡಿಸುವಾಗ ಪದಕ್ಕೆ ದಕ್ಕುವ ವಿಸ್ತಾರ ಸ್ಟುಡಿಯೋದ ಕೆಲವೇ ನಿಮಿಷಗಳಿಗೆ ದಕ್ಕದು. ಆದ್ದರಿಂದ ಇದನ್ನು ಮಾದರಿಯೆಂದು ತಿಳಿಯದೆ, ಹಲವು ಪಾಠಗಳಲ್ಲಿ ಒಂದೆಂದು ಕೇಳುವುದು ಯುಕ್ತ. ಡಿಲನ್ ಕೈಬಿಟ್ಟ ಹಾಡು ಉಳಿದದ್ದು ಅದರ ಟೇಪು ಉಳಿದಿದ್ದರಿಂದ. ಗಡಿಯ ಮೇಳಗಳ ಪಾಠಗಳಿಗೆ ಹಾಡುವವರ ನೆನಪೇ ಟೇಪು. ಅವರಿರುವಾಗಲೇ ಅವುಗಳ ಧ್ವನಿಮುದ್ರಣ ಆಗಬೇಕು.